ಕೇತೋಹಳ್ಳಿಯ ದೊಡ್ಡ ಆಲ

ಬೆಂಗಳೂರಿನ ಪಶ್ಚಿಮದಲ್ಲಿ, ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಿಂದ ಬಲಕ್ಕೆ ತಿರುಗಿ ಹೋದರೆ, ರಾಮೋಹಳ್ಳಿಯ ಸಮೀಪದ ಕೇತೋಹಳ್ಳಿಯಲ್ಲಿ ದೊಡ್ಡ ಆಲದ ಮರವಿರುವುದು. ಅದರ ವಯಸ್ಸು ಸುಮಾರು 400 ವರ್ಷಗಳೆಂದು ಅಂದಾಜು. ಹರಹು ಸುಮಾರು 3 ಎಕರೆ. ರಜಾದಿನಗಳಲ್ಲಿ ನಗರವಾಸಿಗಳು ಮಕ್ಕಳುಮರಿಗಳೊಡನೆ ಅಲ್ಲಿಗೆ ಹೋಗುವರು.

ಅದರ ಮೂಲಕಾಂಡವು 2000ದ ಸುಮಾರಿಗೆ ರೋಗದಿಂದ ನಶಿಸಿತು. ಆದರೂ ವೃಕ್ಷವು ಅಳಿಯಲಿಲ್ಲ. ಕೊಂಬೆಗಳಿಂದ ಇಳಿದ ಬಿಳಲುಗಳು ಅಷ್ಟರಲ್ಲಿಯೇ ನೆಲವನ್ನು ಮುಟ್ಟಿ, ಬೇರೂರಿ, ಕಂಬಗಳಾಗಿದ್ದುವು. ಹಿರಿಯನು ಕಣ್ಮರೆಯಾದ ಮನೆಯನ್ನು ಮಕ್ಕಳು ಹೊತ್ತು ನಡೆಸುವಂತೆ, ಇಂದು ಅವುಗಳೇ ಮರವನ್ನು ಹೊತ್ತು ನಿಂತಿರುವುವು.

ಆದುದರಿಂದ ನೆಲ ಮುಟ್ಟದ ಎಳೆಯ ಬಿಳಲನ್ನು ಹಿಡಿದು ಜೋಕಾಲಿಯಾಡುವುದು ತರವಲ್ಲ. ಅದೊಂದು ಹರಿದರೆ ಮುಂದಿನ ಕಾಲದ ಕಾಂಡವೊಂದು ಹೋದಂತಾಯಿತು. ಹಿರಿಯರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ, ನೆರಳಿನಲ್ಲಿ ಬುತ್ತಿಯನ್ನು ಬಿಚ್ಚುವ ಮೊದಲು, ಇಷ್ಟನ್ನು ತಿಳಿಸಿಕೊಡಬೇಕು.