ಒಬ್ಬನನ್ನೇ ಎಷ್ಟು ಸಲ ಕೊಲ್ಲೋದು?

ಮಗಳನ್ನು ಕೊಂದವನನ್ನು ತಾಯಿ ಹುಡುಕಿಕೊಂಡು ಹೋಗಿ ಕೊಲ್ಲುತ್ತಾಳೆ. ಇಂಥ ಕಥೆ ನಮಗೆ ಹೊಸದಲ್ಲ, ಟೆಂಟ್ ಸಿನಿಮಾ ಕಾಲದಿಂದಲೂ ನೋಡಿದ್ದೇವೆ. ಕೊಲೆ ಆಗುತ್ತೆ, ಪೊಲೀಸ್ ಜೀಪು ಬರುತ್ತೆ, ಪರದೆ ಮೇಲೆ 'ಶುಭಂ' ಬೀಳುತ್ತೆ. ಜನ ಬಟ್ಟೆಗೆ ಹತ್ತಿದ ಮಣ್ಣು ಒದರಿಕೊಂಡು ಮನೆಗೆ ಹೋಗುತ್ತಾರೆ.

ಈಚೆಗೆ ನೋಡಿದ ಒಂದು ಇಂಗ್ಲಿಷ್ ಸಿನಿಮಾದಲ್ಲಿ ಮಾತ್ರ ಆ ತಾಯಿಗೆ ಶುಭಂ ಇಲ್ಲ. ಅವನನ್ನು ಕೊಂದಾದ ಮೇಲೆ ಆಕೆ ಶವಪೆಟ್ಟಿಗೆ ಥರದ ಒಂದು ಪೆಟ್ಟಿಗೆಯೊಳಗೆ ಮಲಗಿ ಇನ್ನೊಂದು ಜಗತ್ತಿಗೆ ಹೋಗುತ್ತಾಳೆ. ಅಲ್ಲೂ ಅವನೇ ಇರುತ್ತಾನೆ. ಅಲ್ಲೂ ಕೊಲ್ಲುತ್ತಾಳೆ. ಆಮೇಲೆ ಮತ್ತೊಂದು ಜಗತ್ತು. ಒಂದೊಂದು ಸಲ ಒಂದೊಂದು ಥರ.

ಸಿನಿಮಾ ಹೆಸರು 'ರಿಡಕ್ಸ್ ರಿಡಕ್ಸ್'. ಕೆವಿನ್ ಮತ್ತು ಮ್ಯಾಥ್ಯೂ ಮೆಕ್‌ಮ್ಯಾನಸ್ ಅನ್ನೋ ಅಣ್ಣತಮ್ಮಂದಿರು ಸೇರಿ ಮಾಡಿದ್ದು. ತಾಯಿ ಐರೀನ್ ಪಾತ್ರ ಮಾಡಿರೋದು ಅವರ ಒಡಹುಟ್ಟಿದ ಮೈಕೇಲಾ ಮೆಕ್‌ಮ್ಯಾನಸ್. 2025ರ ಮಾರ್ಚ್‌ನಲ್ಲಿ ಅಮೆರಿಕದ ಆಸ್ಟಿನ್ ನಗರದ ಸೌತ್ ಬೈ ಸೌತ್‌ವೆಸ್ಟ್ ಉತ್ಸವದಲ್ಲಿ ಮೊದಲು ತೋರಿಸಿದರು. ದೊಡ್ಡ ಕಂಪನಿಯ ದುಡ್ಡಿನ ಸಿನಿಮಾ ಅಲ್ಲ, ನಮ್ಮಲ್ಲಿ ಮನೆಮಂದಿಯೆಲ್ಲ ಸೇರಿ ನಾಟಕ ಆಡಿಸಿದ ಹಾಗೆ. ಹಾಗಾಗಿ ಹಾರುವ ಕಾರು, ಬಣ್ಣದ ಬೆಳಕು ಏನೂ ಇಲ್ಲ. ಆಕೆ ಹೋಗುವ ಜಗತ್ತುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಅದೇ ರಸ್ತೆ, ಅದೇ ಹೋಟೆಲು, ಆ ಹೋಟೆಲಲ್ಲಿ ಅಡುಗೆ ಮಾಡೋ ಅದೇ ನೆವಿಲ್. ನನಗೆ ಹಿಡಿಸಿದ್ದೇ ಅದು.

ಸಮಾನಾಂತರ ವಿಶ್ವ ಅಂದರೆ ಏನು ಅಂತ ಕೇಳುವವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬೆಳಗ್ಗೆ ಏಳೂವರೆ ಬಸ್ಸು ನಿಮಗೆ ಸಿಕ್ಕಿತು ಅಂದುಕೊಳ್ಳಿ. ಆ ಬಸ್ಸು ತಪ್ಪಿಸಿಕೊಂಡ ಇನ್ನೊಬ್ಬ ನೀವು ಇನ್ನೊಂದು ಜಗತ್ತಿನಲ್ಲಿ ಇನ್ನೂ ಸ್ಟಾಪಿನಲ್ಲೇ ನಿಂತಿದ್ದೀರಿ ಅನ್ನೋದು ಕಥೆಗಾರರ ಲೆಕ್ಕ. ಇದರ ಹಿಂದೆ ವಿಜ್ಞಾನದ ಒಂದು ಎಳೆಯೂ ಇದೆ. ಅಣುವಿಗಿಂತ ಚಿಕ್ಕ ಕಣಗಳು ನಾವು ಅಳೆದು ನೋಡುವ ತನಕ ಎರಡು ಸ್ಥಿತಿಯಲ್ಲೂ ಇದ್ದ ಹಾಗೆ ನಡೆದುಕೊಳ್ಳುತ್ತವೆ, ಅಳೆದಾಗ ಒಂದು ಮಾತ್ರ ನಮಗೆ ಕಾಣುತ್ತದೆ. ಉಳಿದದ್ದು ಎಲ್ಲಿ ಹೋಯಿತು? ಎಲ್ಲೂ ಹೋಗಲಿಲ್ಲ, ಎರಡೂ ಆಗುತ್ತವೆ, ಕವಲೊಡೆದು ಬೇರೆ ಬೇರೆಯಾಗಿ ಮುಂದುವರಿಯುತ್ತವೆ ಅಂತ 1957ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಹ್ಯೂ ಎವರೆಟ್ ತನ್ನ ಪ್ರಬಂಧದಲ್ಲಿ ವಾದಿಸಿದ. ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಎವರೆಟ್‌ನ ಲೆಕ್ಕದಲ್ಲಿ ಒಂದು ಕವಲಿನಿಂದ ಇನ್ನೊಂದಕ್ಕೆ ದಾಟಲು ದಾರಿ ಇಲ್ಲ. ಐರೀನ್‌ಳ ಪೆಟ್ಟಿಗೆ ಪೂರ್ತಿ ಕಥೆಗಾರರದ್ದು.

ನಮ್ಮವರಿಗೂ ಈ ಕಲ್ಪನೆ ಹೊಸದಲ್ಲ. ಯೋಗವಾಸಿಷ್ಠದಲ್ಲಿ ಲೀಲೆ ಅನ್ನೋ ರಾಣಿಯ ಕಥೆ ಇದೆ. ಗಂಡ ಸತ್ತ ಮೇಲೆ ಸರಸ್ವತಿ ಅವಳನ್ನು ಕರೆದುಕೊಂಡು ಹೋಗಿ, ಅದೇ ಗಂಡ ಇನ್ನೊಂದು ಲೋಕದಲ್ಲಿ ಇನ್ನೊಬ್ಬ ರಾಜನಾಗಿ ಆಳುತ್ತಿರುವುದನ್ನು ತೋರಿಸುತ್ತಾಳೆ. ಲೀಲೆ ಹೋಗಿದ್ದು ತನ್ನವನನ್ನು ನೋಡಲಿಕ್ಕೆ. ಐರೀನ್‌ಗೆ ಆ ಭಾಗ್ಯ ಇಲ್ಲ. ಅವಳು ಹೋದ ಜಗತ್ತಿನಲ್ಲೆಲ್ಲ ಮಗಳು ಆ್ಯನಾ ಆಗಲೇ ಸತ್ತಿದ್ದಾಳೆ.

ಇಲ್ಲೊಂದು ಮುಖ್ಯ ವಿಷಯ. 2024ರಲ್ಲಿ ಬಂದ ನಮ್ಮ ಕನ್ನಡದ 'ಬ್ಲಿಂಕ್' ನೋಡಿದ್ದರೆ ನೆನಪಿರಬಹುದು, ಅದು ಕಾಲದಲ್ಲಿ ಓಡಾಡುವ ಕಥೆ. ಹಿಂದಕ್ಕೆ ಹೋಗುವ ಯಂತ್ರ ಐರೀನ್‌ಗೆ ಸಿಕ್ಕಿದ್ದರೆ ಆ ದಿನಕ್ಕೇ ಹೋಗಿ ಮಗಳ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಅವಳ ಹತ್ತಿರ ಇರೋದು ಹಿಂದಕ್ಕೆ ಹೋಗುವ ಯಂತ್ರ ಅಲ್ಲ, ಪಕ್ಕಕ್ಕೆ ಹೋಗುವ ಯಂತ್ರ. ಎಲ್ಲಿಗೆ ಹೋದರೂ ತಡವಾಗಿಯೇ ಇಳಿಯುತ್ತಾಳೆ. ಉಳಿಸುವ ಕೆಲಸ ಮುಗಿದುಹೋಗಿದೆ, ಕೊಲ್ಲುವ ಕೆಲಸ ಮಾತ್ರ ಬಾಕಿ.

ಹೀಗೆ ಹೋಗುತ್ತಾ ಹೋಗುತ್ತಾ ಆಕೆಗೆ ನೆವಿಲ್ ಬಗ್ಗೆ ಗೊತ್ತಿಲ್ಲದ್ದೇ ಇಲ್ಲ ಅನ್ನೋ ಹಾಗಾಗಿದೆ. ಅವನ ಕೆಲಸ, ಅವನ ಮನೆ, ಅವನ ದಾರಿ. ನಾನು ನೋಡುತ್ತಾ ಕೂತಿದ್ದಾಗ ಹೊಳೆದಿದ್ದು ಇದು: ಮಗಳಿಗೋಸ್ಕರ ಹೊರಟ ತಾಯಿ ದಿನಾ ಕಳೆಯುತ್ತಿರೋದು ಕೊಲೆಗಾರನ ಜೊತೆ. ನಾವು ಪ್ರೇಕ್ಷಕರೂ ಅಷ್ಟೇ. ನೆವಿಲ್‌ನ ಮುಖ ಕಣ್ಣಿಗೆ ಕಟ್ಟುವಷ್ಟು ನೋಡುತ್ತೇವೆ, ಆ್ಯನಾ ಯಾವಾಗ ನಗುತ್ತಿದ್ದಳು ಅಂತ ಕೇಳಿದರೆ ಹೇಳಲಿಕ್ಕೆ ಬರಲ್ಲ.

ಜಿಲ್ಲೆಯ ಕ್ರೈಂ ಸುದ್ದಿ ಬರೆಯುವ ನನಗೆ ಇದು ಸಿನಿಮಾ ಮಾತ್ರ ಅಂತ ಅನ್ನಿಸಲಿಲ್ಲ. ಪೋಕ್ಸೊ ಕೇಸುಗಳಲ್ಲಿ ಮಗುವಿನ ಹೆಸರು, ಊರು, ಶಾಲೆ, ಗುರುತು ಸಿಗುವ ಯಾವುದನ್ನೂ ನಾವು ಬರೆಯುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಅತ್ಯಾಚಾರದ ಸಂತ್ರಸ್ತೆಯರ ವಿಷಯದಲ್ಲಿ ಹಿಂದಿನ ಐಪಿಸಿಯಲ್ಲೂ ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೇ ನಿಯಮ ಇದೆ. ಒಳ್ಳೆಯ ಕಾನೂನು, ಇರಲೇಬೇಕು. ಇಲ್ಲದಿದ್ದರೆ ನಮ್ಮಂಥವರ ಕೈಯಲ್ಲಿ ಆ ಮನೆಯವರು ಎರಡನೇ ಸಲ ಸಾಯುತ್ತಾರೆ. ಆದರೆ ಸುದ್ದಿಯಲ್ಲಿ ಆಗೋದೇನು? ಹುಡುಗಿ 'ಬಾಲಕಿ' ಆಗುತ್ತಾಳೆ. ಆರೋಪಿಗೆ ಹೆಸರಿದೆ, ವಯಸ್ಸಿದೆ, ಉದ್ಯೋಗ ಇದೆ, ಕೈಕೋಳ ಹಾಕಿದ ಫೋಟೊ ಇದೆ.

ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಒಬ್ಬ ತಾಯಿಯನ್ನು ಆಗಾಗ ನೋಡುತ್ತಿದ್ದೆ. ಪ್ರತಿ ದಿನಾಂಕಕ್ಕೂ ಬರುವವರು. ಸಾಕ್ಷಿ ಹೇಳಿ ಮುಗಿದಿತ್ತು, ಬರಲೇಬೇಕು ಅಂತೇನೂ ಇರಲಿಲ್ಲ. ಒಂದು ದಿನ ಕ್ಯಾಂಟೀನ್ ಹತ್ತಿರ ಟೀ ಕೊಡಿಸಿ, "ಯಾಕಮ್ಮಾ ಕೂಲಿ ಬಿಟ್ಟು ಬರ್ತೀರಾ, ವಕೀಲರು ನೋಡ್ಕೋತಾರಲ್ಲ" ಅಂದೆ.

"ಅವ್ನ ಮುಖ ನೋಡೋಕೆ ಬತ್ತೀನಿ ಕಣಪ್ಪಾ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಈಗ ಕಣ್ಮುಚ್ಚುದ್ರೆ ಅವ್ನ ಮುಖನೇ ಬತ್ತದೆ. ನನ್ ಮಗೀದು ಬರಾಕಿಲ್ಲ. ಪೇಪರ್ನಾಗೂ ಅವ್ನ ಹೆಸ್ರೇ, ನನ್ ಮಗಳ ಹೆಸ್ರಿಲ್ಲ" ಅಂದರು.

ಕಾನೂನು ಯಾಕೆ ಹಾಗಿದೆ ಅಂತ ವಿವರಿಸಿದೆ. ತಲೆ ಆಡಿಸಿದರು. ಆಮೇಲೆ ಅವರಾಗಿಯೇ ಮಗಳ ಬಗ್ಗೆ ಮಾತಾಡಿದರು. ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಿ ಚಿಗಳಿ ಮಾಡಿ ಕಡ್ಡಿಗೆ ಸಿಕ್ಕಿಸಿ ತಮ್ಮನಿಗೂ ಕೊಡದೆ ಬಚ್ಚಿಡುತ್ತಿದ್ದಳಂತೆ. ಹೇಳುವಾಗ ಒಂದು ಸಲ ನಕ್ಕರು. ಚಿಗಳಿಯ ವಿಷಯಕ್ಕೆ ಕ್ರೈಂ ಸುದ್ದಿಯಲ್ಲಿ ಜಾಗ ಇರಲ್ಲ. ನಮ್ಮಂಥ ಸ್ಟ್ರಿಂಗರ್‌ಗಳಿಗೆ ಡೆಸ್ಕಿನವರು ಕೇಳೋದು ಶಿಕ್ಷೆ ಎಷ್ಟು, ದಂಡ ಎಷ್ಟು, ಆರೋಪಿ ಫೋಟೊ ಇದೆಯಾ.

ಆ ತಾಯಿಗೆ ಐರೀನ್‌ಳ ಪೆಟ್ಟಿಗೆ ಕೊಟ್ಟಿದ್ದರೆ ಏನು ಮಾಡುತ್ತಿದ್ದರೋ. ಕೊಲ್ಲುತ್ತಿದ್ದರು ಅಂತಲೇ ಇಟ್ಟುಕೊಳ್ಳಿ, ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರಲ್ಲ. ನನಗೆ ಕಸಿವಿಸಿ ಆಗೋದು ದೂರ ಕೂತು ಕೊಲ್ಲಿಸುವ ನಮ್ಮಂಥವರ ಬಗ್ಗೆ. 2019ರ ಡಿಸೆಂಬರ್ 6ರ ಬೆಳಗ್ಗೆ ನೆನಪು ಮಾಡಿಕೊಳ್ಳಿ. ಹೈದರಾಬಾದ್‌ನ ಪಶುವೈದ್ಯೆಯನ್ನು ಅತ್ಯಾಚಾರ ಮಾಡಿ ಕೊಂದ ಆರೋಪದಲ್ಲಿ ಹಿಡಿದಿದ್ದ ನಾಲ್ವರನ್ನು ಪೊಲೀಸರು ಗುಂಡಿಟ್ಟು ಕೊಂದರು. ಸ್ಥಳಕ್ಕೆ ಹೋದ ಜನ ಪೊಲೀಸರ ಮೇಲೆ ಹೂವು ಎರಚಿದರು. ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲೂ ಅವತ್ತು ಬೆಳಗಿನಿಂದ ಪಟಾಕಿ ಚಿತ್ರಗಳೇ. ಪೊಲೀಸ್ ಕಮಿಷನರ್ ಹುಬ್ಬಳ್ಳಿಯವರು ಅಂತ ಇನ್ನೂ ಒಂದು ಕೈ ಹೆಚ್ಚು ಖುಷಿ. ಎರಡೂವರೆ ವರ್ಷದ ಮೇಲೆ, 2022ರಲ್ಲಿ, ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಸಿರ್ಪುರ್‌ಕರ್ ಆಯೋಗದ ವರದಿ ಹೊರಗೆ ಬಂತು. ಸಾಯಿಸುವ ಉದ್ದೇಶದಿಂದಲೇ ಪೊಲೀಸರು ಗುಂಡು ಹಾರಿಸಿದರು ಅಂತ ಅದರಲ್ಲಿತ್ತು. ನಾಲ್ವರಲ್ಲಿ ಮೂವರು ಆಗ ಅಪ್ರಾಪ್ತರು ಅಂತಲೂ ಇತ್ತು. ಹೂವು ಎರಚಿದ ವಿಡಿಯೊ ಕಳಿಸಿದ್ದ ಯಾವ ಗುಂಪಿನಲ್ಲೂ ನನಗೆ ಆ ವರದಿ ಬರಲಿಲ್ಲ.

ಕಾನೂನಿನ ಇನ್ನೊಂದು ಮಾತು ಇಲ್ಲೇ ಹೇಳಬೇಕು. ತೀರ್ಪಿಗೆ ಮೊದಲೇ ಆರೋಪಿ ಸತ್ತರೆ ಅವನ ಮೇಲಿನ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ಸಾಕ್ಷಿ ಪರೀಕ್ಷೆ ಇಲ್ಲ, ತೀರ್ಪಿಲ್ಲ. ಇವನೇನಾ ಮಾಡಿದ್ದು, ಒಬ್ಬನೇನಾ, ಇನ್ನೂ ಯಾರಿಗಾದರೂ ಹೀಗೆ ಮಾಡಿದ್ದನಾ, ಯಾವುದಕ್ಕೂ ಉತ್ತರ ಇಲ್ಲ. ಸಿನಿಮಾದ ನೆವಿಲ್ ಒಬ್ಬಳನ್ನಷ್ಟೇ ಕೊಂದವನಲ್ಲ. ಐರೀನ್ ಕೊಂದು ಹೊರಟುಹೋದ ಒಂದೊಂದು ಜಗತ್ತಿನಲ್ಲೂ ಬೇರೆ ಅಪ್ಪ ಅಮ್ಮಂದಿರು ಇರಬೇಕಲ್ಲ? ಅವರು ಇನ್ನೂ ಮಗಳು ಎಲ್ಲಿ ಹೋದಳು ಅಂತ ಬಾಗಿಲು ನೋಡುತ್ತಾ ಕೂತಿರಬೇಕು. ಹೇಳಬಹುದಾಗಿದ್ದವನು ಹೆಣ. ಸಿನಿಮಾ ಇದನ್ನು ಎತ್ತಿ ಹೇಳುವುದಿಲ್ಲ. ನಾನೇ ಸೇರಿಸಿಕೊಂಡು ನೋಡಿದೆ, ಕೋರ್ಟು ಸುತ್ತುವವನ ಚಟ.

ಇಷ್ಟೆಲ್ಲ ಹೇಳಿದೆ ಅಂತ ಇದೇನೋ ಉಪದೇಶದ ಸಿನಿಮಾ ಅಂದುಕೊಳ್ಳಬೇಡಿ. ಓಟ ಇದೆ, ಹೊಡೆದಾಟ ಇದೆ, ಎದೆ ಡವಗುಟ್ಟುವ ಜಾಗಗಳಿವೆ. ಜೆಟ್ ಲಿಯ 'ದಿ ಒನ್' ಅಂತ 2001ರಲ್ಲಿ ಬಂದಿತ್ತು. ಅದರಲ್ಲೂ ಒಬ್ಬ ಜಗತ್ತಿನಿಂದ ಜಗತ್ತಿಗೆ ಹೋಗಿ ಕೊಲ್ಲುತ್ತಾನೆ, ಕೊಲ್ಲೋದು ತನ್ನದೇ ಬೇರೆ ಬೇರೆ ರೂಪಗಳನ್ನು, ಬಲ ಹೆಚ್ಚಿಸಿಕೊಳ್ಳಲು. ಫೈಟ್ ಬೇಕೆಂದರೆ ಅದು ಚೆನ್ನಾಗಿದೆ, ನೋಡಿ ಮರೆತುಬಿಡಬಹುದು.

'ರಿಡಕ್ಸ್ ರಿಡಕ್ಸ್' ಮರೆಯಲು ಬಿಡದೇ ಇರೋದು ಮಿಯಾ ಅನ್ನೋ ಹುಡುಗಿಯಿಂದ. ಹದಿನೈದರ ಆಸುಪಾಸು. ಎಷ್ಟನೆಯದೋ ಒಂದು ಜಗತ್ತಿನಲ್ಲಿ ಐರೀನ್ ನೆವಿಲ್‌ನನ್ನು ಮುಗಿಸಲು ಹೋದಾಗ ಅವನ ಕೈಗೆ ಸಿಕ್ಕಿದ್ದ ಈ ಹುಡುಗಿ ಇನ್ನೂ ಜೀವಂತ ಇರುತ್ತಾಳೆ. ಅಲ್ಲಿ ತನಕ ಸತ್ತವಳ ಲೆಕ್ಕ ಚುಕ್ತಾ ಮಾಡುತ್ತಿದ್ದವಳ ಪಕ್ಕದ ಸೀಟಿನಲ್ಲಿ ಈಗ ಬದುಕಿರುವ ಒಬ್ಬಳು. ಬಾಯಿ ಜೋರು, ಹೇಳಿದ ಮಾತು ಕೇಳಲ್ಲ. ಅವಳಿಗೂ ಕೊಲ್ಲಬೇಕು, ಅವನನ್ನೇ, ತನ್ನ ಕೈಯಾರೆ. ಐರೀನ್ ಆ ಹುಡುಗಿಯನ್ನು ನೋಡುವ ನೋಟ ನೋಡಿ. ಮಾತೇ ಬೇಡ, ಆ ಕೆಲಸ ಮಾಡಿ ಮಾಡಿ ಏನಾಗಿದ್ದೇನೆ ಅಂತ ಗೊತ್ತಿರುವವಳ ನೋಟ ಅದು.

ಮುಂದೇನಾಗುತ್ತೆ ಅಂತ ಹೇಳಿದರೆ ನೀವು ಬೈಯುತ್ತೀರಿ. ನಾನು ನೋಡಿದ್ದು ಇಂಗ್ಲಿಷಿನಲ್ಲೇ, ಕೆಳಗೆ ಅಕ್ಷರ ಹಾಕಿಕೊಂಡು. ಮಾತು ಪೂರ್ತಿ ಅರ್ಥವಾಗದಿದ್ದರೂ ಕಥೆ ಕೈ ಬಿಡಲ್ಲ. ರಕ್ತ ಜಾಸ್ತಿ ಇದೆ, ಮಕ್ಕಳನ್ನು ಮಲಗಿಸಿ ನೋಡಿ. ಫೋನಿನಲ್ಲಾದರೆ ಇಯರ್‌ಫೋನ್ ಹಾಕಿಕೊಳ್ಳಿ, ಮಿಯಾ ಕೆಲವು ಮಾತು ಬಹಳ ಮೆಲ್ಲಗೆ ಆಡುತ್ತಾಳೆ.