ವರದಿ ಬಂದ ರಾತ್ರಿ

ನಮ್ಮ ಮನೆಯಾಕೆಗೆ ಐವತ್ತು ತುಂಬಿದ ವರ್ಷ ಸೋಲಾಪುರದ ಆಸ್ಪತ್ರೆಯೊಂದರಲ್ಲಿ ಗರ್ಭಕೊರಳಿನ ಪರೀಕ್ಷೆ ಮಾಡಿಸಿದೆವು. ದಾದಿಯವರು ಪುಟ್ಟ ಕುಂಚದಿಂದ ತೆಗೆದ ಅಂಶವನ್ನು ಶೀಶೆಯಲ್ಲಿರಿಸಿ ಪ್ರಯೋಗಾಲಯಕ್ಕೆ ಕಳುಹಿಸಿದರು. ಎಂಟು ದಿನಗಳ ಮೇಲೆ ಬಂದ ವರದಿಯಲ್ಲಿ ‘ಎಚ್.ಪಿ.ವಿ. ಪಾಸಿಟಿವ್’ ಎಂದಿತ್ತು.

“ಇದು ನನಗ ಹ್ಯಾಂಗ ಬಂತ್ರೀ?” ಎಂದು ಆಕೆ ಕೇಳಿದಳು.

ಈ ವೈರಸ್ಸು ದೇಹಸಂಪರ್ಕದಿಂದ ಹರಡುವುದೆಂದು ಓದಿದ್ದ ನಾವು ಉತ್ತರಿಸದೆ ಅಂಗಳಕ್ಕೆ ನಡೆದೆವು. ಮೂವತ್ತು ವರ್ಷ ಜೊತೆಯಲ್ಲಿ ಬಾಳಿದವಳ ಮೇಲೆ ಒಂದು ರಾತ್ರಿ ಸಂಶಯಪಟ್ಟೆವು. ಶಾಲೆಯಲ್ಲಿ ವಿಜ್ಞಾನ ಬೋಧಿಸುವವರು ನಾವೇ! ಬರೆಯಲು ನಾಚಿಕೆಯಾಗುತ್ತದೆ, ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ಮರುದಿನ ವೈದ್ಯೆ ತಾಳ್ಮೆಯಿಂದ ತಿಳಿಸಿದರು. ಪ್ರಯೋಗಾಲಯದಲ್ಲಿ ವೈರಸ್ಸಿನ ಡಿ.ಎನ್.ಎ. ತುಣುಕನ್ನು ಕೋಟಿಗಟ್ಟಲೆ ಪ್ರತಿಗಳಾಗಿ ಹೆಚ್ಚಿಸಿ ಗುರುತಿಸುತ್ತಾರೆ. ಅದರ ಹಲವು ಬಗೆಗಳಲ್ಲಿ 16 ಮತ್ತು 18 ಎಂಬವು ಹೆಚ್ಚು ಅಪಾಯದವು. ಬಾಳಿನಲ್ಲಿ ಒಮ್ಮೆಯಾದರೂ ಈ ವೈರಸ್ಸು ತಗಲದವರು ವಿರಳ. ಬಹುತೇಕರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಅಡಗುತ್ತದೆ. ಕೆಲವರಲ್ಲಿ ಸದ್ದಿಲ್ಲದೆ ಬಹುಕಾಲ ಉಳಿಯುತ್ತದೆ. ಕ್ಯಾನ್ಸರಾಗಲು ಸಾಮಾನ್ಯವಾಗಿ ಹದಿನೈದು, ಇಪ್ಪತ್ತು ವರ್ಷಗಳೇ ಬೇಕು. ಯಾವಾಗ, ಯಾರಿಂದ ಬಂತೆಂದು ಯಾವ ಪ್ರಯೋಗಾಲಯವೂ ಹೇಳಲಾರದು. ಮದುವೆಯ ಹೊಸದರಲ್ಲಿ ಗಂಡನಿಂದಲೇ ಬಂದಿರಲೂಬಹುದು. ಆ ಮಾತಿಗೆ ನಾವು ತಲೆ ತಗ್ಗಿಸಿದೆವು.

ಈ ಪರೀಕ್ಷೆಯ ಬೆಲೆಯನ್ನು ಜಗತ್ತಿಗೆ ತೋರಿಸಿಕೊಟ್ಟವರು ನಮ್ಮ ನೆರೆಯ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯ ಹೆಣ್ಣುಮಕ್ಕಳೆಂಬುದನ್ನು ಅಂದೇ ಅರಿತೆವು. ನಮ್ಮಂತೆಯೇ ಜೋಳ ಬೆಳೆಯುವ ಊರುಗಳವು. ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಯೂ ಮುಂಬಯಿಯ ಟಾಟಾ ಸಂಸ್ಥೆಯೂ ಸೇರಿ 1999ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ 30ರಿಂದ 59 ವಯಸ್ಸಿನ 1,31,746 ಸ್ತ್ರೀಯರನ್ನು ನಾಲ್ಕು ಗುಂಪು ಮಾಡಿದ್ದರು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದೇ ಬಾರಿ ಈ ಪರೀಕ್ಷೆ ನಡೆಸಿದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದ ಸತ್ತವರು 34; ಅಂಥ ತಪಾಸಣೆಯೇ ಇಲ್ಲದ ಗುಂಪಿನಲ್ಲಿ 64. ಮೂವತ್ತು ದಾಟಿದವರು ಐದರಿಂದ ಹತ್ತು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದೆ.

ವೈದ್ಯೆ ವಿನೆಗರಿನಂಥ ದ್ರವವನ್ನು ಹಚ್ಚಿ ನೋಡಿದಾಗ ಬಿಳಿಯ ಮಚ್ಚೆಯೊಂದು ಕಂಡಿತು. ಅದಿನ್ನೂ ಕ್ಯಾನ್ಸರಾಗಿರಲಿಲ್ಲ. ಅಂದೇ ಶಾಖದಿಂದ ಸುಟ್ಟರು. ಕೆಲವೇ ನಿಮಿಷಗಳ ಕೆಲಸ. ವರ್ಷದ ಮೇಲೆ ಮತ್ತೆ ಪರೀಕ್ಷೆಗೆ ಬರಹೇಳಿದರು.

ಹಿಂದಿರುಗುವಾಗ ಎಸ್.ಟಿ. ಬಸ್ಸಿನಲ್ಲಿ ಆ ರಾತ್ರಿಯ ಸಂಶಯವನ್ನು ಆಕೆಯ ಮುಂದೆ ಒಪ್ಪಿಕೊಂಡೆವು. “ನನಗ ಗೊತ್ತಿತ್ರಿ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ನಮ್ಮ ಅಕ್ಕನ್ನೂ ಕರಕೊಂಡ ಬರೂಣು. ಮಾವಗ ನೀವs ತಿಳಿಸಿ ಹೇಳ್ರಿ,” ಎಂದಳು.

ನಮ್ಮ ಷಡ್ಡಕರು ಮುಂಗೋಪಿ. ಅವರಿಗೆ ಎಲ್ಲಿಂದ ಆರಂಭಿಸಿ ಹೇಳುವುದೆಂದು ಅಕ್ಕಲಕೋಟೆ ತಲಪುವವರೆಗೂ ಯೋಚಿಸಿದೆವು. ಕೊನೆಗೆ ಆ ರಾತ್ರಿಯ ಅಂಗಳದಿಂದಲೇ ಆರಂಭಿಸಿದೆವು.