ಇಂಜಿನ್ನಿನ ಜ್ವರ ನೋಡುವ ಕಡ್ಡಿ

ಮಗುವಿಗೆ ಜ್ವರವೋ ಅಲ್ಲವೋ ಎಂದು ತಾಯಿ ಹಣೆ ಮುಟ್ಟಿ ನೋಡುತ್ತಾಳೆ. ಈಗಿನ ಕಾರುಗಳಲ್ಲಿ ಆ ಕೆಲಸಕ್ಕೆ ಹೆಬ್ಬೆರಳಿನಷ್ಟು ಗಾತ್ರದ ಒಂದು ಸಾಮಾನಿದೆ. ಕೂಲೆಂಟ್ ಟೆಂಪರೇಚರ್ ಸೆನ್ಸರ್ ಅಂತಾರೆ. ಇಂಜಿನ್ನನ್ನು ತಣಿಸುವ ಕೂಲೆಂಟಿನಲ್ಲಿ ಅದರ ತುದಿ ಮುಳುಗಿರುತ್ತದೆ. ತಣ್ಣಗಿದ್ದಾಗ ಅದರ ವಿದ್ಯುತ್ ನಿರೋಧ ಹೆಚ್ಚು. ಬಿಸಿ ಏರಿದಂತೆ ನಿರೋಧ ಇಳಿಯುತ್ತದೆ. ಬಹಳ ಕಾರುಗಳಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 80 ಡಿಗ್ರಿಗೆ ಸುಮಾರು 300 ಓಮ್. ಇದನ್ನು ನೋಡಿಯೇ ಕಾರಿನ ಕಂಪ್ಯೂಟರು ಪೆಟ್ರೋಲ್ ಎಷ್ಟು ಬಿಡಬೇಕು, ಫ್ಯಾನು ಯಾವಾಗ ತಿರುಗಬೇಕು ಎಂದು ತೀರ್ಮಾನಿಸುತ್ತದೆ. ಕಂಪ್ಯೂಟರಿಗೆ ಕಣ್ಣಿಲ್ಲ. ಹೇಳಿದ್ದನ್ನು ನಂಬುತ್ತದೆ, ಅಷ್ಟೇ.

ನಮ್ಮ ಬೀದಿಯ ಹುಡುಗನೊಬ್ಬ ತಳಿಯಿಂದ ಹೊಸೂರಿಗೆ ಬಾಡಿಗೆ ಕಾರು ಓಡಿಸುತ್ತಾನೆ. ರಾತ್ರಿ ಹೆರಿಗೆ ನೋವು ಬಂದರೂ, ಹಾವು ಕಚ್ಚಿದರೂ ಅವನ ಮನೆಯ ಬಾಗಿಲನ್ನೇ ತಟ್ಟೋದು. ಹೋದ ಮಾಗಿಯಲ್ಲಿ ಆ ಕಾರು ಕೈಕೊಡಲು ಶುರುವಾಯಿತು. ಬೆಳಿಗ್ಗೆ ಚಳಿಯಲ್ಲಿ ಸಲೀಸಾಗಿ ಹೊರಡುತ್ತೆ; ಹೊಸೂರಿನಲ್ಲಿ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಏಳೋದಿಲ್ಲ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಫ್ಯಾನು ಸುಮ್ಮನೆ ಗುಂಯ್ ಅನ್ನುತ್ತಲೇ ಇರುತ್ತೆ. ಒಂದು ಕಡೆ ತೋರಿಸಿದ್ದಕ್ಕೆ, ಇಂಜಿನ್ ಬಿಚ್ಚಬೇಕು, 35,000 ರೂಪಾಯಿ ಆಗುತ್ತದೆ ಎಂದರಂತೆ. ಅವನ ಅಮ್ಮ ಸರ ಅಡವಿಡಲು ಹೊರಟಿದ್ದರು.

"ಅಣ್ಣ, ಒಂದ್ಸಲ ನೋಡಿ, ಆಮೇಲೆ ಅಡ ಇಡೋಣ" ಎಂದು ಬಂದ. ನಾನು ವಾಹನಗಳ ವೈರಿಂಗ್ ಕೆಲಸದವನು.

ಮೊದಲು ಕೂಲೆಂಟಿನ ಮಟ್ಟ ನೋಡಿದೆ. ಮಟ್ಟ ಇಳಿದು ಸೆನ್ಸರಿನ ತುದಿ ಗಾಳಿಗೆ ಬಿದ್ದರೆ, ಒಳ್ಳೆಯ ಸೆನ್ಸರೂ ತಪ್ಪು ಹೇಳುತ್ತದೆ. ಮಟ್ಟ ಸರಿಯಿತ್ತು. ಮಾರನೆಯ ಬೆಳಿಗ್ಗೆ, ಚಾಲೂ ಮಾಡುವ ಮುಂಚೆ ಸ್ಕ್ಯಾನರ್ ಹಾಕಿದೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಕೂಲೆಂಟಿನ ಬಿಸಿಯೂ ಹೊರಗಿನ ಗಾಳಿಯ ಬಿಸಿಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಇತ್ತು. ಇಂಜಿನ್ ಓಡುತ್ತಾ 40, 60, 75 ಎಂದು ಏರಿತು. ಆಮೇಲೆ ಒಮ್ಮೆಲೇ ಮೈನಸ್ 40!

ಓಡುತ್ತಿರುವ ಇಂಜಿನ್ ಕಣ್ಣುಮುಚ್ಚಿ ತೆಗೆಯುವುದರೊಳಗೆ ಹಿಮಾಲಯ ಹತ್ತುತ್ತದೆಯೇ? ಮೈನಸ್ 40 ಎಂದರೆ ಚಳಿಯಲ್ಲ, ಎಲ್ಲೋ ಸಂಪರ್ಕ ಕಡಿದಿದೆ ಎಂದರ್ಥ. ಕಡಿದದ್ದು ತಂತಿಯೋ ಸೆನ್ಸರೋ? ಪ್ಲಗ್ ಕಿತ್ತು, ತಂತಿ ಕಡೆಯ ಎರಡು ಪಿನ್ನುಗಳನ್ನು ಸಣ್ಣ ವೈರಿನಿಂದ ಸೇರಿಸಿದೆ. ಸ್ಕ್ಯಾನರ್ 130 ದಾಟಿತು. ಹಾಗಾದರೆ ತಂತಿಯೂ ಕಂಪ್ಯೂಟರೂ ಸರಿ. ಬಿಸಿಯಿದ್ದ ಸೆನ್ಸರಿಗೆ ಮೀಟರ್ ಹಿಡಿದರೆ ಮುಳ್ಳು ಅಲ್ಲಾಡಲಿಲ್ಲ. ತಣ್ಣಗಾದ ಮೇಲೆ ಅದೇ ಸೆನ್ಸರ್ 2,500 ಓಮ್ ತೋರಿಸಿತು. ಬಿಸಿಯಾದಾಗ ಒಳಗೇ ಕಡಿಯುತ್ತಿತ್ತು. ಆಗ ಕಂಪ್ಯೂಟರು, ಇಂಜಿನ್ ಚಳಿಯಲ್ಲಿದೆ ಎಂದುಕೊಂಡು ಪೆಟ್ರೋಲ್ ಸುರಿಯುತ್ತಿತ್ತು. ಬಿಸಿ ಎಷ್ಟೆಂದು ತಿಳಿಯದೆ, ಯಾವುದಕ್ಕೂ ಇರಲಿ ಎಂದು ಫ್ಯಾನನ್ನೂ ಓಡಿಸುತ್ತಿತ್ತು.

ಹೊಸ ಸೆನ್ಸರಿಗೆ 600 ರೂಪಾಯಿ ಆಯಿತು. ಅಮ್ಮನ ಸರ ಕೊರಳಲ್ಲೇ ಉಳಿಯಿತು. ಹಳೆಯದರ ತುದಿಗೆ ಬಿಳಿ ಸುಣ್ಣ ಕಟ್ಟಿತ್ತು. ಬೋರ್‌ವೆಲ್ ನೀರು ಹಾಕಿದ್ದರ ಗುರುತು. ಕೂಲೆಂಟಿಗೆ ಡಿಸ್ಟಿಲ್ಡ್ ನೀರನ್ನೇ ಬೆರೆಸಬೇಕು.

ಇದನ್ನು ಓದಿ, ಮುಳ್ಳು ಕೆಂಪಿಗೆ ಏರಿದಾಗಲೆಲ್ಲ "ಸೆನ್ಸರ್ ಸುಳ್ಳು ಹೇಳ್ತಿದೆ" ಎಂದುಕೊಳ್ಳಬೇಡಿ. ಶೂಲಗಿರಿ ದಾಟಿ ಕೃಷ್ಣಗಿರಿ ಕಡೆ ಹೋಗುವಾಗ ಮುಳ್ಳು ಏರಿದರೆ ಗಾಡಿಯನ್ನು ಪಕ್ಕಕ್ಕೆ ಹಾಕಿ, ಇಂಜಿನ್ ಆರಿಸಿ, ಪೂರಾ ತಣಿಯುವವರೆಗೆ ಕಾಯಿರಿ. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳ ತಿರುಗಿಸಿದರೆ ಕುದಿನೀರು ಮುಖಕ್ಕೇ ಹಾರುತ್ತದೆ. ಸೆನ್ಸರ್ ಬಿಚ್ಚುವುದೂ ತಣ್ಣಗಾದ ಮೇಲೆಯೇ.

ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ಸರಿಯಿರುವ ಹಳೆಯ ಸೆನ್ಸರ್ ಒಂದು, ಮೀಟರ್ ಒಂದು, ಬಿಸಿನೀರಿನ ಲೋಟ ಒಂದಿದ್ದರೆ ಸಾಕು. ತುದಿಯನ್ನು ನೀರಿಗಿಳಿಸಿ, ಓಮ್ ಇಳಿಯುವುದನ್ನು ಮಕ್ಕಳಿಂದಲೇ ಬರೆಸಿ. ತಾಮ್ರದ ತಂತಿಯ ನಿರೋಧ ಬಿಸಿಗೆ ಏರುತ್ತದೆ, ಇದರದ್ದು ಯಾಕೆ ಇಳಿಯುತ್ತದೆ ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಪಾಠ ಅಲ್ಲಿಂದ ಶುರುವಾಗಲಿ.